ಹೈಡ್ರೋಕಾರ್ಬನ್: ಅಣುಸೂತ್ರ ನೋಡಿ ಅಣುವಿನ ಒಳಗನ್ನು ತಿಳಿಯುವುದು ಹೇಗೆ?

ಕಾರ್ಬನ್ ಮತ್ತು ಹೈಡ್ರೋಜನ್, ಈ ಎರಡೇ ಧಾತುಗಳಿಂದಾದ ಸಂಯುಕ್ತಕ್ಕೆ ಹೈಡ್ರೋಕಾರ್ಬನ್ ಎಂದು ಹೆಸರು. ವ್ಯಾಖ್ಯೆ ಒಂದೇ ಸಾಲಿನದು. ಆದರೆ ಅಡುಗೆ ಅನಿಲ, ಪೆಟ್ರೋಲ್, ಮೇಣದಬತ್ತಿಯ ಪ್ಯಾರಾಫಿನ್, ಪಾಲಿಥೀನ್, ಟೊಮೆಟೊ ಹಣ್ಣಿನ ಕೆಂಪು, ಕಿತ್ತಳೆ ಸಿಪ್ಪೆಯ ಘಮ, ಶನಿಯ ಉಪಗ್ರಹ ಟೈಟನ್ ಮೇಲಿನ ಸರೋವರಗಳು ಎಲ್ಲವೂ ಆ ಒಂದು ಸಾಲಿನ ವ್ಯಾಪ್ತಿಗೆ ಬರುತ್ತವೆ.

ಈ ಪಾಠವನ್ನು ಸಾಮಾನ್ಯವಾಗಿ ಕೋಷ್ಟಕದಿಂದ ಶುರು ಮಾಡುತ್ತಾರೆ. ಏಕಬಂಧಗಳಷ್ಟೇ ಇರುವ ಆಲ್ಕೇನ್‌ಗೆ ಒಂದು ಸೂತ್ರ, ದ್ವಿಬಂಧವಿರುವ ಆಲ್ಕೀನ್‌ಗೆ ಇನ್ನೊಂದು, ತ್ರಿಬಂಧವಿರುವ ಆಲ್ಕೈನ್‌ಗೆ ಮತ್ತೊಂದು. ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಬರೆದು, ಮರೆತುಬಿಡುವುದು. ಅದರ ಅಗತ್ಯವೇ ಇಲ್ಲ. ಕಾರ್ಬನ್‌ಗೆ ನಾಲ್ಕು ಬಂಧ, ಹೈಡ್ರೋಜನ್‌ಗೆ ಒಂದು ಬಂಧ ಎಂಬ ನಿಯಮವನ್ನು ಗಟ್ಟಿಯಾಗಿ ಹಿಡಿದುಕೊಂಡು, ಅಣುವಿನಲ್ಲಿ ಎಷ್ಟು ಹೈಡ್ರೋಜನ್ ಕಡಿಮೆ ಇದೆ ಎಂದು ಎಣಿಸಲು ಕಲಿತರೆ ಆ ಸೂತ್ರಗಳು ತಾವಾಗಿಯೇ ಹುಟ್ಟುತ್ತವೆ. ಅಣುವಿನ ಗುಣ, ಸ್ವಭಾವಗಳ ಬಹುಪಾಲು ಕೂಡ ಅದೇ ಎಣಿಕೆಯಿಂದ ಹೊರಬರುತ್ತದೆ. ಈ ಮಾರ್ಗದರ್ಶಿಯಲ್ಲಿ ಹೆಜ್ಜೆ ಹೆಜ್ಜೆಯಾಗಿ ಮಾಡಲು ಹೊರಟಿರುವುದು ಅದನ್ನೇ. ಪಕ್ಕದಲ್ಲಿ ಹಾಳೆ, ಪೆನ್ಸಿಲ್ ಇಟ್ಟುಕೊಂಡು ಓದಿ. ಚಿತ್ರ ಬರೆಯದೆ ಸಾವಯವ ರಸಾಯನಶಾಸ್ತ್ರ ಯಾರಿಗೂ ಒಲಿಯುವುದಿಲ್ಲ.

ಸೂತ್ರಗಳಲ್ಲಿ ಕಾರ್ಬನ್ನನ್ನು ‘ಸಿ’ ಎಂದೂ ಹೈಡ್ರೋಜನ್ನನ್ನು ‘ಎಚ್’ ಎಂದೂ ಬರೆದಿದ್ದೇನೆ. ಮೀಥೇನ್ ಸಿಎಚ್₄, ಪ್ರೋಪೇನ್ ಸಿ₃ಎಚ್₈.

ಹೆಜ್ಜೆ 1: ಇದು ಹೈಡ್ರೋಕಾರ್ಬನ್ ಹೌದೋ ಅಲ್ಲವೋ?

ಸೂತ್ರದಲ್ಲಿ ಸಿ ಮತ್ತು ಎಚ್ ಬಿಟ್ಟು ಬೇರೇನಾದರೂ ಇದೆಯೇ ನೋಡಿ. ಇದ್ದರೆ ಅಲ್ಲ. ಎಥನಾಲ್‌ನಲ್ಲಿ ಒಂದು ಆಕ್ಸಿಜನ್ ಇದೆ, ಹಾಗಾಗಿ ಅದು ಚೆನ್ನಾಗಿ ಉರಿದರೂ ಹೈಡ್ರೋಕಾರ್ಬನ್ ಅಲ್ಲ. ಸಕ್ಕರೆ, ಪಿಷ್ಟಗಳು ಕಾರ್ಬೋಹೈಡ್ರೇಟ್‌ಗಳು. ಹೆಸರು ಹತ್ತಿರವಿದೆ ಎಂದು ಗೊಂದಲ ಬೇಡ, ಅವುಗಳಲ್ಲಿ ಆಕ್ಸಿಜನ್ ತುಂಬಿದೆ. ಅಡುಗೆ ಎಣ್ಣೆ ಮತ್ತು ಖನಿಜ ತೈಲ ಎರಡೂ ಜಿಡ್ಡೇ, ಎರಡೂ ನೀರಿನ ಮೇಲೆ ತೇಲುತ್ತವೆ. ಆದರೆ ಅಡುಗೆ ಎಣ್ಣೆ ಆಕ್ಸಿಜನ್ ಇರುವ ಎಸ್ಟರ್ ಎಂಬ ಸಂಯುಕ್ತಗಳ ಮಿಶ್ರಣ, ಖನಿಜ ತೈಲ ಮುಖ್ಯವಾಗಿ ಹೈಡ್ರೋಕಾರ್ಬನ್‌ಗಳ ಮಿಶ್ರಣ. ಜೇನುಮೇಣ ಬಹುಪಾಲು ಎಸ್ಟರ್, ಪ್ಯಾರಾಫಿನ್ ಮೇಣ ಹೈಡ್ರೋಕಾರ್ಬನ್. ನೋಟ, ಸ್ಪರ್ಶ, ಉರಿಯುವ ಗುಣ ಇವು ಯಾವುವೂ ಇಲ್ಲಿ ಸಾಕ್ಷಿಯಲ್ಲ. ಸೂತ್ರವೊಂದೇ ಸಾಕ್ಷಿ.

ಪೆಟ್ರೋಲ್‌ಗೆ ಒಂದೇ ಅಣುಸೂತ್ರ ಇರುವುದಿಲ್ಲ ಎಂಬುದನ್ನೂ ಇಲ್ಲೇ ನೆನಪಿಟ್ಟುಕೊಳ್ಳಿ. ಅದು ಹಲವಾರು ಹೈಡ್ರೋಕಾರ್ಬನ್‌ಗಳು ಬೆರೆತ ದ್ರವ.

ಹೆಜ್ಜೆ 2: ನಾಲ್ಕು ಬಂಧಗಳನ್ನು ಬರೆಯಿರಿ

ಕಾರ್ಬನ್ ಪರಮಾಣುವಿನ ಹೊರಕವಚದಲ್ಲಿ 4 ಎಲೆಕ್ಟ್ರಾನ್‌ಗಳಿವೆ, ಅದಕ್ಕೆ ಬೇಕಾದದ್ದು 8. ನಾಲ್ಕನ್ನು ಕಳೆದುಕೊಳ್ಳುವುದೂ ಕಷ್ಟ, ನಾಲ್ಕನ್ನು ಹೊರಗಿನಿಂದ ಎಳೆದುಕೊಳ್ಳುವುದೂ ಕಷ್ಟ. ಆದ್ದರಿಂದ ಅದು ಎಲೆಕ್ಟ್ರಾನ್‌ಗಳನ್ನು ಹಂಚಿಕೊಂಡು ನಾಲ್ಕು ಸಹವೇಲೆನ್ಸಿ ಬಂಧಗಳನ್ನು ಮಾಡುತ್ತದೆ. ನಾಲ್ಕೂ ಬಂಧಗಳು ಹೈಡ್ರೋಜನ್ ಜೊತೆಗೇ ಆದರೆ ಅದು ಮೀಥೇನ್. ಕಾಗದದ ಮೇಲೆ ಅದನ್ನು ಕೂಡಿಸು ಚಿಹ್ನೆಯ ಹಾಗೆ ಬರೆಯುತ್ತೇವೆ. ನಿಜವಾದ ಅಣು ಚಪ್ಪಟೆಯಲ್ಲ. ನಾಲ್ಕು ಹೈಡ್ರೋಜನ್‌ಗಳು ಚತುರ್ಮುಖಿಯ ನಾಲ್ಕು ಮೂಲೆಗಳಲ್ಲಿರುತ್ತವೆ, ಯಾವ ಎರಡು ಬಂಧಗಳ ನಡುವಿನ ಕೋನ ನೋಡಿದರೂ 109.5 ಡಿಗ್ರಿ.

ಕಾರ್ಬನ್‌ನ ವಿಶೇಷ ಇರುವುದು ಅದು ತನ್ನದೇ ಜಾತಿಯ ಪರಮಾಣುವಿನ ಜೊತೆ ಕೈಜೋಡಿಸುವುದರಲ್ಲಿ. ಕಾರ್ಬನ್–ಕಾರ್ಬನ್ ಏಕಬಂಧವನ್ನು ಮುರಿಯಲು ಮೋಲ್‌ಗೆ (ಅಂದರೆ ಸುಮಾರು 6 × 10²³ ಬಂಧಗಳಿಗೆ) ಸುಮಾರು 347 ಕಿಲೋಜೌಲ್ ಶಕ್ತಿ ಬೇಕು. ಈ ಗಟ್ಟಿತನದಿಂದಾಗಿ ಎರಡು, ಹತ್ತು, ಸಾವಿರ ಕಾರ್ಬನ್‌ಗಳ ಸರಪಳಿಯೂ ಕಳಚದೆ ನಿಲ್ಲುತ್ತದೆ. ಎರಡು ಕಾರ್ಬನ್‌ಗಳ ನಡುವೆ ಒಂದಲ್ಲ, ಎರಡು ಅಥವಾ ಮೂರು ಬಂಧಗಳೂ ಆಗಬಹುದು. ದ್ವಿಬಂಧದ ಶಕ್ತಿ ಸುಮಾರು 614, ತ್ರಿಬಂಧದ್ದು ಸುಮಾರು 839 ಕಿಲೋಜೌಲ್. ಬಂಧ ಹೆಚ್ಚಿದಂತೆ ಕಾರ್ಬನ್‌ಗಳು ಹತ್ತಿರ ಬರುತ್ತವೆ: ಏಕಬಂಧದಲ್ಲಿ 154, ದ್ವಿಬಂಧದಲ್ಲಿ 134, ತ್ರಿಬಂಧದಲ್ಲಿ 120 ಪಿಕೋಮೀಟರ್ ಅಂತರ.

ಆ ಶಕ್ತಿಯ ಅಂಕಿಗಳನ್ನು ಇನ್ನೊಮ್ಮೆ ನೋಡಿ. 347ರ ಎರಡರಷ್ಟು 694 ಆಗಬೇಕು, ಆದರೆ ದ್ವಿಬಂಧದ್ದು 614 ಮಾತ್ರ. ಅಂದರೆ ದ್ವಿಬಂಧದ ಎರಡನೇ ಬಂಧ ಮೊದಲನೆಯದಕ್ಕಿಂತ ಸಡಿಲ. ಆಲ್ಕೀನ್‌ಗಳು ಆಲ್ಕೇನ್‌ಗಳಿಗಿಂತ ಚುರುಕಾಗಿ ವರ್ತಿಸುವುದರ ಗುಟ್ಟು ಈ ಸಡಿಲ ಬಂಧದಲ್ಲಿದೆ. ಇದಕ್ಕೆ ಮುಂದೆ ಮತ್ತೆ ಬರೋಣ.

ಹೆಜ್ಜೆ 3: ಎಷ್ಟು ಹೈಡ್ರೋಜನ್ ಕಡಿಮೆ ಇದೆ?

ಇಡೀ ಮಾರ್ಗದರ್ಶಿಯ ಜೀವಾಳ ಈ ಹೆಜ್ಜೆ. ನಿಧಾನವಾಗಿ ಓದಿ.

ಕಾರ್ಬನ್‌ಗಳನ್ನು ಒಂದೇ ಸಾಲಿನಲ್ಲಿ ಏಕಬಂಧಗಳಿಂದ ಜೋಡಿಸಿ. ನಡುವಿನ ಪ್ರತಿ ಕಾರ್ಬನ್ ಎರಡು ಬಂಧಗಳನ್ನು ಅಕ್ಕಪಕ್ಕದ ಕಾರ್ಬನ್‌ಗಳಿಗೆ ಕೊಟ್ಟಿರುತ್ತದೆ, ಉಳಿದ ಎರಡರಲ್ಲಿ ಹೈಡ್ರೋಜನ್ ಕೂರುತ್ತದೆ. ತುದಿಯ ಎರಡು ಕಾರ್ಬನ್‌ಗಳಿಗೆ ಒಂದೊಂದು ಹೈಡ್ರೋಜನ್ ಹೆಚ್ಚು. ಹಾಗಾಗಿ ಕಾರ್ಬನ್‌ಗಳ ಸಂಖ್ಯೆಯ ಎರಡರಷ್ಟಕ್ಕೆ 2 ಸೇರಿಸಿದಷ್ಟು ಹೈಡ್ರೋಜನ್. ಇದೇ ಆಲ್ಕೇನ್ ಸೂತ್ರ. ಬಾಯಿಪಾಠ ಮಾಡಲಿಲ್ಲ, ಎಣಿಸಿದೆವು ಅಷ್ಟೇ. ಸರಪಳಿಯಲ್ಲಿ ಕವಲೊಡೆದರೂ ಲೆಕ್ಕ ಬದಲಾಗುವುದಿಲ್ಲ; ಬರೆದು ನೋಡಿದರೆ ಗೊತ್ತಾಗುತ್ತದೆ. ಒಂದು ಅಣು ಹಿಡಿದಿಟ್ಟುಕೊಳ್ಳಬಹುದಾದ ಗರಿಷ್ಠ ಹೈಡ್ರೋಜನ್ ಇಷ್ಟೇ. ಗರಿಷ್ಠ ಮಟ್ಟ ಮುಟ್ಟಿದವು ಪರ್ಯಾಪ್ತ ಹೈಡ್ರೋಕಾರ್ಬನ್‌ಗಳು.

ಈಗ ಎರಡು ಪಕ್ಕದ ಕಾರ್ಬನ್‌ಗಳಿಂದ ಒಂದೊಂದು ಹೈಡ್ರೋಜನ್ ತೆಗೆಯಿರಿ. ಎರಡೂ ಕಾರ್ಬನ್‌ಗಳಲ್ಲಿ ಒಂದೊಂದು ಬಂಧ ಖಾಲಿ ಉಳಿಯಿತು. ಅವು ಪರಸ್ಪರ ಕೂಡಿಕೊಂಡರೆ ದ್ವಿಬಂಧ. ಪಕ್ಕದವುಗಳ ಬದಲು ದೂರದ ಎರಡು ಕಾರ್ಬನ್‌ಗಳಿಂದ ತೆಗೆದು ಅವನ್ನು ಕೂಡಿಸಿದರೆ ಉಂಗುರ. ಒಂದೇ ಜೋಡಿಯಿಂದ ನಾಲ್ಕು ಹೈಡ್ರೋಜನ್ ತೆಗೆದರೆ ತ್ರಿಬಂಧ. ಹಾಗಾದರೆ ಲೆಕ್ಕ ಹೀಗೆ:

ಕೊರತೆ = (2 × ಕಾರ್ಬನ್ ಸಂಖ್ಯೆ + 2 − ಹೈಡ್ರೋಜನ್ ಸಂಖ್ಯೆ) ÷ 2

ಒಂದು ದ್ವಿಬಂಧಕ್ಕೆ ಕೊರತೆ 1, ಒಂದು ಉಂಗುರಕ್ಕೆ 1, ಒಂದು ತ್ರಿಬಂಧಕ್ಕೆ 2. ಪಠ್ಯಗಳಲ್ಲಿ ಇದನ್ನು ಅಪರ್ಯಾಪ್ತತೆಯ ಪ್ರಮಾಣ ಎನ್ನುತ್ತಾರೆ. ಇಲ್ಲಿ ಚಿಕ್ಕದಾಗಿ ಕೊರತೆ ಎಂದೇ ಕರೆಯೋಣ.

ಕಿತ್ತಳೆ ಸಿಪ್ಪೆಯ ಘಮಕ್ಕೆ ಮುಖ್ಯ ಕಾರಣ ಲಿಮೋನೀನ್, ಸಿ₁₀ಎಚ್₁₆. ಕೊರತೆ (22 − 16) ÷ 2 = 3. ಅದರ ರಚನೆಯಲ್ಲಿರುವುದು ಒಂದು ಉಂಗುರ, ಎರಡು ದ್ವಿಬಂಧ. ಲೆಕ್ಕ ಸರಿಹೋಯಿತು. ಇನ್ನೂ ಚೆಂದದ ಉದಾಹರಣೆ ಟೊಮೆಟೊಗೆ ಕೆಂಪು ಕೊಡುವ ಲೈಕೋಪೀನ್ ಮತ್ತು ಕ್ಯಾರೆಟ್‌ಗೆ ಕಿತ್ತಳೆ ಬಣ್ಣ ಕೊಡುವ ಬೀಟಾ ಕ್ಯಾರೋಟೀನ್. ಎರಡರ ಸೂತ್ರವೂ ಸಿ₄₀ಎಚ್₅₆. ಎರಡರ ಕೊರತೆಯೂ (82 − 56) ÷ 2 = 13. ಲೈಕೋಪೀನ್‌ನಲ್ಲಿ ಆ 13ನ್ನೂ ದ್ವಿಬಂಧಗಳೇ ತುಂಬಿವೆ, ಅದು ಎರಡೂ ತುದಿ ತೆರೆದ ಉದ್ದನೆಯ ಸರಪಳಿ. ಬೀಟಾ ಕ್ಯಾರೋಟೀನ್‌ನಲ್ಲಿ 11 ದ್ವಿಬಂಧ, ಎರಡು ತುದಿಗಳಲ್ಲಿ ಒಂದೊಂದು ಉಂಗುರ. ಪರಮಾಣುಗಳು ಅವೇ, ಸಂಖ್ಯೆಯೂ ಅದೇ; ತುದಿಗಳು ಮಡಚಿ ಮುಚ್ಚಿಕೊಂಡಿದ್ದರಿಂದ ಬೇರೆ ಬಣ್ಣದ ಬೇರೆ ವಸ್ತುವೇ ಆಯಿತು. ದ್ವಿಬಂಧ, ಏಕಬಂಧ, ದ್ವಿಬಂಧ ಹೀಗೆ ಒಂದು ಬಿಟ್ಟು ಒಂದರಂತೆ ಉದ್ದಕ್ಕೂ ಬಂದಾಗ ಅಣು ಕಣ್ಣಿಗೆ ಕಾಣುವ ಬೆಳಕನ್ನು ಹೀರತೊಡಗುತ್ತದೆ. ಬಣ್ಣ ಬರುವುದು ಹಾಗೆ.

ಕೊರತೆ ಎಷ್ಟು ಎಂದು ಎಣಿಕೆ ಹೇಳುತ್ತದೆ, ಅದು ದ್ವಿಬಂಧವೋ ಉಂಗುರವೋ ಎಂದು ಹೇಳುವುದಿಲ್ಲ. ಸಿ₆ಎಚ್₁₂ ಕಂಡ ಕೂಡಲೇ ಹೆಕ್ಸೀನ್ ಎಂದು ಬರೆದುಬಿಡಬೇಡಿ. ಅದು ದ್ವಿಬಂಧವೇ ಇಲ್ಲದ ಸೈಕ್ಲೋಹೆಕ್ಸೇನ್ ಕೂಡ ಆಗಿರಬಹುದು.

ಇನ್ನೊಂದು ಉಪಯೋಗ: ಕೊರತೆ ಯಾವಾಗಲೂ ಪೂರ್ಣಸಂಖ್ಯೆ. ಅರ್ಧ ಬಂದರೆ ಸೂತ್ರವೇ ತಪ್ಪು. ಸಿ₅ಎಚ್₁₁ ಎಂಬ ಸ್ಥಿರವಾದ ಹೈಡ್ರೋಕಾರ್ಬನ್ ಅಣು ಇರಲು ಸಾಧ್ಯವಿಲ್ಲ, ಏಕೆಂದರೆ ಹೈಡ್ರೋಜನ್ ಸಂಖ್ಯೆ ಸಮಸಂಖ್ಯೆಯೇ ಆಗಿರಬೇಕು.

ಅಭ್ಯಾಸಕ್ಕೆ: ನ್ಯಾಫ್ತಲೀನ್ ಸಿ₁₀ಎಚ್₈. ಕೊರತೆ ಎಷ್ಟು? ಉತ್ತರ 7 ಬರಬೇಕು: ಎರಡು ಉಂಗುರ, ಐದು ದ್ವಿಬಂಧ.

ಹೆಜ್ಜೆ 4: ಸಮಾಂಗಿಗಳನ್ನು ಒಂದೂ ಬಿಡದೆ ಬರೆಯುವುದು

ಒಂದೇ ಅಣುಸೂತ್ರ, ಬೇರೆ ಬೇರೆ ಜೋಡಣೆ: ಇವು ಸಮಾಂಗಿಗಳು. ಮೀಥೇನ್, ಈಥೇನ್, ಪ್ರೋಪೇನ್‌ಗಳಿಗೆ ಜೋಡಣೆ ಒಂದೇ ಬಗೆ. ಬ್ಯೂಟೇನ್‌ಗೆ 2, ಪೆಂಟೇನ್‌ಗೆ 3, ಹೆಕ್ಸೇನ್‌ಗೆ 5, ಹೆಪ್ಟೇನ್‌ಗೆ 9, ಆಕ್ಟೇನ್‌ಗೆ 18, ಡೆಕೇನ್‌ಗೆ 75. ಇಪ್ಪತ್ತು ಕಾರ್ಬನ್‌ಗಳ ಆಲ್ಕೇನ್‌ಗೆ ಕಾಗದದ ಮೇಲೆ ಸಾಧ್ಯವಿರುವ ರಚನೆಗಳು 3,66,319. ಸಾವಯವ ರಸಾಯನಶಾಸ್ತ್ರ ಏಕೆ ಅಷ್ಟು ವಿಶಾಲ ಎಂಬುದಕ್ಕೆ ಇದಕ್ಕಿಂತ ಬೇರೆ ವಿವರಣೆ ಬೇಡ.

ಸಿ₆ಎಚ್₁₄ ತೆಗೆದುಕೊಂಡು ಐದನ್ನೂ ಹುಡುಕೋಣ. ಮನಸ್ಸಿಗೆ ಬಂದ ಹಾಗೆ ಬರೆಯುತ್ತ ಹೋದರೆ ಕೆಲವು ತಪ್ಪಿಹೋಗುತ್ತವೆ, ಕೆಲವು ಎರಡೆರಡು ಸಲ ಬರುತ್ತವೆ. ಕ್ರಮ ಬೇಕು. ಮೊದಲು ಆರೂ ಕಾರ್ಬನ್ ಒಂದೇ ಸಾಲಿನಲ್ಲಿ: ಒಂದು ರಚನೆ. ಆಮೇಲೆ ಸಾಲನ್ನು ಐದಕ್ಕೆ ಇಳಿಸಿ, ಉಳಿದ ಒಂದನ್ನು ಕವಲಾಗಿ ಕೂರಿಸಿ. ತುದಿಯ ಕಾರ್ಬನ್ ಮೇಲೆ ಕೂರಿಸಿದರೆ ಸಾಲು ಮತ್ತೆ ಆರಾಗುತ್ತದೆ, ಆದ್ದರಿಂದ ತುದಿ ಬೇಡ. ಎರಡನೆಯದರ ಮೇಲೆ ಒಂದು, ಮೂರನೆಯದರ ಮೇಲೆ ಒಂದು. ನಾಲ್ಕನೆಯದರ ಮೇಲೆ ಕೂರಿಸಿದ್ದು ಆ ಕಡೆಯಿಂದ ಎಣಿಸಿದರೆ ಎರಡನೆಯದೇ, ಹೊಸದಲ್ಲ. ಈಗ ಮೂರಾಯಿತು. ಸಾಲನ್ನು ನಾಲ್ಕಕ್ಕೆ ಇಳಿಸಿ, ಕವಲಿಗೆ ಎರಡು ಕಾರ್ಬನ್ ಉಳಿಯುತ್ತವೆ. ಎರಡೂ ಎರಡನೆಯ ಕಾರ್ಬನ್ ಮೇಲೆ: ನಾಲ್ಕನೆಯ ರಚನೆ. ಎರಡನೆಯದರ ಮೇಲೊಂದು, ಮೂರನೆಯದರ ಮೇಲೊಂದು: ಐದನೆಯದು. ಎರಡು ಕಾರ್ಬನ್‌ಗಳನ್ನು ಒಂದರ ತುದಿಗೆ ಒಂದು ಜೋಡಿಸಿ ಒಂದೇ ಕವಲು ಮಾಡಿದರೆ? ಉದ್ದದ ಸಾಲು ಮತ್ತೆ ಐದಾಗುತ್ತದೆ, ಹಳೆಯದೇ ಮರಳಿ ಬಂತು. ಸಾಲು ಮೂರಕ್ಕೆ ಇಳಿಸಿದರೆ ನಡುವಿನ ಕಾರ್ಬನ್ ಮೇಲೆ ಮೂರು ಕವಲು ಕೂರಲು ಜಾಗವಿಲ್ಲ. ಅಲ್ಲಿಗೆ ಮುಗಿಯಿತು.

ಎರಡು ಚಿತ್ರಗಳು ಒಂದೇ ಅಣುವೋ ಅಲ್ಲವೋ ಎಂಬ ಸಂಶಯ ಬಂದರೆ ಎರಡಕ್ಕೂ ಹೆಸರು ಕೊಡಿ. ಹೆಸರು ಒಂದೇ ಆದರೆ ಅಣುವೂ ಒಂದೇ.

ಹೆಜ್ಜೆ 5: ಹೆಸರಿಡುವುದು

1892ರಲ್ಲಿ ಜಿನೀವಾದಲ್ಲಿ ಸೇರಿದ ರಸಾಯನಶಾಸ್ತ್ರಜ್ಞರು ಸಾವಯವ ಸಂಯುಕ್ತಗಳಿಗೆ ಕ್ರಮಬದ್ಧ ಹೆಸರಿನ ಅಡಿಪಾಯ ಹಾಕಿದರು. 1919ರಲ್ಲಿ ಸ್ಥಾಪನೆಯಾದ ರಸಾಯನಶಾಸ್ತ್ರದ ಅಂತರರಾಷ್ಟ್ರೀಯ ಒಕ್ಕೂಟ ಐಯುಪಿಎಸಿ ಅದನ್ನು ಬೆಳೆಸಿಕೊಂಡು ಬಂದಿದೆ. ಹೆಸರು ಕೇಳಿದರೆ ಚಿತ್ರ ಬರೆಯಲು ಬರಬೇಕು, ಚಿತ್ರ ನೋಡಿದರೆ ಹೆಸರು ಹೇಳಲು ಬರಬೇಕು ಎಂಬುದು ಉದ್ದೇಶ.

ಮೊದಲ ಭಾಗ ಕಾರ್ಬನ್ ಸಂಖ್ಯೆ: ಮೀಥ್, ಈಥ್, ಪ್ರೋಪ್, ಬ್ಯೂಟ್, ಪೆಂಟ್, ಹೆಕ್ಸ್, ಹೆಪ್ಟ್, ಆಕ್ಟ್, ನಾನ್, ಡೆಕ್. ಈ ಹತ್ತನ್ನು ಮಾತ್ರ ಕಂಠಪಾಠ ಮಾಡಲೇಬೇಕು. ಕೊನೆಯ ಭಾಗ ಬಂಧದ ಬಗೆ: ಏಕಬಂಧಗಳಷ್ಟೇ ಇದ್ದರೆ ‘ಏನ್’, ದ್ವಿಬಂಧವಿದ್ದರೆ ‘ಈನ್’, ತ್ರಿಬಂಧವಿದ್ದರೆ ‘ಐನ್’. ಉಂಗುರವಾದರೆ ಮುಂದೆ ‘ಸೈಕ್ಲೋ’. ಒಂದು ಕಾರ್ಬನ್ನಿನ ಕವಲು ಮೀಥೈಲ್, ಎರಡು ಕಾರ್ಬನ್ನಿನದು ಈಥೈಲ್; ಒಂದೇ ಬಗೆಯ ಕವಲು ಎರಡಿದ್ದರೆ ಡೈ, ಮೂರಿದ್ದರೆ ಟ್ರೈ. ಹೆಸರಿನಲ್ಲಿ ಬರುವ ಅಂಕಿ ಕವಲು ಅಥವಾ ದ್ವಿಬಂಧ ಸರಪಳಿಯ ಎಷ್ಟನೆಯ ಕಾರ್ಬನ್ನಿನಲ್ಲಿದೆ ಎಂದು ಹೇಳುತ್ತದೆ.

ಬಹಳ ಮಂದಿ ಎಡವುವುದು ಉದ್ದದ ಸರಪಳಿ ಹುಡುಕುವಲ್ಲಿ. ನಾಲ್ಕು ಕಾರ್ಬನ್‌ಗಳನ್ನು ಅಡ್ಡಸಾಲಿನಲ್ಲಿ ಬರೆದು, ಎರಡನೆಯದರ ಕೆಳಗೆ ಎರಡು ಕಾರ್ಬನ್‌ಗಳ ಕವಲು ಇಳಿಬಿಡಿ. ಇದನ್ನು 2-ಈಥೈಲ್‌ಬ್ಯೂಟೇನ್ ಎನ್ನಬೇಕೆನಿಸುತ್ತದೆ. ಕವಲಿನ ಕೆಳತುದಿಯಿಂದ ಹೊರಟು ಮೇಲೆ ಹತ್ತಿ ಬಲಕ್ಕೆ ತಿರುಗಿ ಎಣಿಸಿ: ಐದು ಕಾರ್ಬನ್. ಸರಪಳಿ ನೇರವಾಗಿಯೇ ಇರಬೇಕೆಂದಿಲ್ಲ, ತಿರುವಿದ್ದರೂ ಉದ್ದದ್ದೇ ಮುಖ್ಯ. ಸರಿಯಾದ ಹೆಸರು 3-ಮೀಥೈಲ್‌ಪೆಂಟೇನ್.

ಎಣಿಕೆ ಯಾವ ತುದಿಯಿಂದ? ಕವಲುಗಳಿಗೆ ಚಿಕ್ಕ ಸಂಖ್ಯೆ ಬರುವ ತುದಿಯಿಂದ. ಪೆಟ್ರೋಲ್‌ನ ಆಕ್ಟೇನ್ ಅಂಕಕ್ಕೆ ಅಳತೆಗೋಲಾದ ಐಸೋಆಕ್ಟೇನ್‌ನ ಕ್ರಮಬದ್ಧ ಹೆಸರು 2,2,4-ಟ್ರೈಮೀಥೈಲ್‌ಪೆಂಟೇನ್. ಇನ್ನೊಂದು ತುದಿಯಿಂದ ಎಣಿಸಿದರೆ 2,4,4 ಬರುತ್ತದೆ, ಅದು ತಪ್ಪು. ಈ ಕವಲೊಡೆದ ಅಣುವಿಗೆ ಆಕ್ಟೇನ್ ಅಂಕ 100 ಎಂದೂ, ಕವಲಿಲ್ಲದ ಹೆಪ್ಟೇನ್‌ಗೆ 0 ಎಂದೂ ಇಟ್ಟುಕೊಂಡಿದ್ದಾರೆ. ಎಂಜಿನ್‌ನಲ್ಲಿ ಹೊತ್ತಿಗೆ ಮುನ್ನವೇ ತಾನಾಗಿ ಹೊತ್ತಿ ಬಡಿತ ಎಬ್ಬಿಸದಿರುವ ಗುಣ ಕವಲುಗಳಿಂದ ಹೆಚ್ಚುತ್ತದೆ.

ದ್ವಿಬಂಧವಿದ್ದರೆ ಚಿಕ್ಕ ಸಂಖ್ಯೆಯ ಹಕ್ಕು ಮೊದಲು ಅದಕ್ಕೆ, ಕವಲಿಗೆ ಆಮೇಲೆ. ಹಾಗಾಗಿ 4-ಮೀಥೈಲ್‌ಪೆಂಟ್-2-ಈನ್ ಸರಿ, 2-ಮೀಥೈಲ್‌ಪೆಂಟ್-3-ಈನ್ ತಪ್ಪು. ಬೇರೆ ಬೇರೆ ಕವಲುಗಳಿದ್ದರೆ ಇಂಗ್ಲಿಷ್ ವರ್ಣಮಾಲೆಯ ಕ್ರಮದಲ್ಲಿ ಬರೆಯಬೇಕು, ಈಥೈಲ್ ಮೊದಲು, ಮೀಥೈಲ್ ನಂತರ. ಡೈ, ಟ್ರೈಗಳನ್ನು ಈ ಕ್ರಮಕ್ಕೆ ಲೆಕ್ಕಿಸುವುದಿಲ್ಲ.

ದ್ವಿಬಂಧದ ಸುತ್ತ ಅಣು ಸುಲಭವಾಗಿ ತಿರುಗದು. ಆದ್ದರಿಂದ ಬ್ಯೂಟ್-2-ಈನ್‌ನಲ್ಲಿ ಎರಡು ಮೀಥೈಲ್‌ಗಳು ಒಂದೇ ಬದಿಯಲ್ಲಿದ್ದರೆ ಸಿಸ್, ಎದುರು ಬದಿಗಳಲ್ಲಿದ್ದರೆ ಟ್ರಾನ್ಸ್. ಇವು ನಿಜಕ್ಕೂ ಎರಡು ಬೇರೆ ವಸ್ತುಗಳು: ಸಿಸ್ ಸುಮಾರು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಟ್ರಾನ್ಸ್ ಸುಮಾರು 1 ಡಿಗ್ರಿಯಲ್ಲಿ ಕುದಿಯುತ್ತದೆ.

ಹೆಜ್ಜೆ 6: ಬೆಂಜೀನ್ ಕಂಡಾಗ ನಿಲ್ಲಿ

1825ರಲ್ಲಿ ಮೈಕೆಲ್ ಫ್ಯಾರಡೆ, ದೀಪ ಉರಿಸಲು ಬಳಸುತ್ತಿದ್ದ ಅನಿಲದಿಂದ ಉಳಿಯುವ ಎಣ್ಣೆಯಂಥ ದ್ರವದಲ್ಲಿ ಬೆಂಜೀನನ್ನು ಬೇರ್ಪಡಿಸಿದರು. ಸೂತ್ರ ಸಿ₆ಎಚ್₆, ಕೊರತೆ 4. ದ್ವಿಬಂಧವಿರುವ ಅಣುಗಳು ಬ್ರೋಮೀನನ್ನು ತಮ್ಮೊಳಗೆ ಸೇರಿಸಿಕೊಳ್ಳುತ್ತವೆ (ಎಂಟನೇ ಹೆಜ್ಜೆ ನೋಡಿ), ಆದ್ದರಿಂದ ಇಷ್ಟು ಕೊರತೆ ಇರುವ ಅಣು ಬ್ರೋಮೀನ್ ಕಂಡೊಡನೆ ಸೇರಿಕೊಳ್ಳಬೇಕಿತ್ತು. ಅದು ಹಾಗೆ ಮಾಡಲಿಲ್ಲ. ನಲವತ್ತು ವರ್ಷಗಳ ಬಳಿಕ, 1865ರಲ್ಲಿ, ಆಗಸ್ಟ್ ಕೆಕುಲೆ ಆರು ಕಾರ್ಬನ್‌ಗಳ ಉಂಗುರವನ್ನು ಮುಂದಿಟ್ಟರು. ಒಂದು ಉಂಗುರ, ಮೂರು ದ್ವಿಬಂಧ: ಕೊರತೆಯ ಲೆಕ್ಕ ಕೂಡಿತು, ಸ್ವಭಾವದ ಲೆಕ್ಕ ಕೂಡಲಿಲ್ಲ.

ಅಳತೆಗಳು ಆ ಒಗಟನ್ನು ಸ್ಪಷ್ಟಪಡಿಸುತ್ತವೆ. ಒಂದೇ ದ್ವಿಬಂಧವಿರುವ ಸೈಕ್ಲೋಹೆಕ್ಸೀನ್‌ಗೆ ಹೈಡ್ರೋಜನ್ ಸೇರಿಸಿದಾಗ ಮೋಲ್‌ಗೆ ಸುಮಾರು 120 ಕಿಲೋಜೌಲ್ ಶಾಖ ಹೊರಬರುತ್ತದೆ. ಮೂರು ದ್ವಿಬಂಧಗಳಿಗೆ 360 ಬರಬೇಕು. ಬೆಂಜೀನ್‌ನಲ್ಲಿ ಬರುವುದು ಸುಮಾರು 208 ಮಾತ್ರ. ಉಳಿದ ಸುಮಾರು 150 ಕಿಲೋಜೌಲ್‌ನಷ್ಟು ಬೆಂಜೀನ್ ಮೊದಲೇ ನೆಮ್ಮದಿಯಾಗಿದೆ ಎಂದು ಅರ್ಥ. ಅದರ ಆರು ಎಲೆಕ್ಟ್ರಾನ್‌ಗಳು ಮೂರು ಜಾಗಗಳಲ್ಲಿ ಬಂಧಿಯಾಗಿಲ್ಲ, ಇಡೀ ಉಂಗುರದ ಮೇಲೆ ಹರಡಿಕೊಂಡಿವೆ. ಆರೂ ಬಂಧಗಳ ಉದ್ದ ಒಂದೇ, ಸುಮಾರು 139 ಪಿಕೋಮೀಟರ್; ಏಕಬಂಧಕ್ಕೂ ದ್ವಿಬಂಧಕ್ಕೂ ನಡುವಿನದು. 1929ರಲ್ಲಿ ಕ್ಯಾಥ್ಲೀನ್ ಲಾನ್ಸ್‌ಡೇಲ್ ಬೆಂಜೀನ್ ಉಂಗುರವಿರುವ ಹೆಕ್ಸಾಮೀಥೈಲ್‌ಬೆಂಜೀನ್ ಹರಳನ್ನು ಎಕ್ಸ್–ಕಿರಣಗಳಿಂದ ಪರೀಕ್ಷಿಸಿ, ಉಂಗುರ ಚಪ್ಪಟೆ ಎಂದು ತೋರಿಸಿಕೊಟ್ಟರು. ಈ ಇಡೀ ವಿಷಯದಲ್ಲಿ ನನಗೆ ಅತ್ಯಂತ ಪ್ರಿಯವಾದ ಘಟ್ಟ ಇದು. ಎಣಿಕೆ ಎಲ್ಲಿಯವರೆಗೆ ಕೈಹಿಡಿಯುತ್ತದೆ, ಎಲ್ಲಿಂದ ಮುಂದೆ ಅಳತೆ ಬೇಕಾಗುತ್ತದೆ ಎಂಬುದು ಇಲ್ಲಿ ಕಣ್ಣಿಗೆ ಕಟ್ಟುತ್ತದೆ.

ಕೊರತೆ 4 ಅಥವಾ ಹೆಚ್ಚಿದ್ದು, ಬ್ರೋಮೀನ್ ಜೊತೆ ಸುಮ್ಮನಿದ್ದರೆ ಬೆಂಜೀನ್ ಉಂಗುರವನ್ನು ಅನುಮಾನಿಸಿ. ಒಂದು ಎಚ್ಚರಿಕೆ: ಬೆಂಜೀನ್ ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವಾಗಿರುವ ವಸ್ತು. ಕಾಗದದ ಮೇಲೆ ಎಷ್ಟು ಬೇಕಾದರೂ ಬರೆಯಿರಿ, ಮೂಸುವುದು, ಮುಟ್ಟುವುದು ಬೇಡ.

ಹೆಜ್ಜೆ 7: ಕುದಿಬಿಂದು ಊಹಿಸುವುದು

ಕಾರ್ಬನ್ ಮತ್ತು ಹೈಡ್ರೋಜನ್ ಎಲೆಕ್ಟ್ರಾನ್‌ಗಳನ್ನು ಸರಿಸುಮಾರು ಸಮನಾಗಿ ಎಳೆಯುವುದರಿಂದ ಹೈಡ್ರೋಕಾರ್ಬನ್ ಅಣುಗಳು ಧ್ರುವೀಯವಲ್ಲ. ನೀರಿನಲ್ಲಿ ಕರಗದಿರುವುದಕ್ಕೆ ಕಾರಣ ಇದೇ. ಅಣು ಅಣುಗಳ ನಡುವೆ ಇರುವುದು ದುರ್ಬಲವಾದ ವಾನ್ ಡರ್ ವಾಲ್ಸ್ ಬಲ ಮಾತ್ರ, ಮೈ ಹೆಚ್ಚು ತಾಗಿದಷ್ಟೂ ಅದು ಹೆಚ್ಚು. ಸರಪಳಿ ಬೆಳೆದಂತೆ ಕುದಿಬಿಂದು ಏರುತ್ತದೆ: ಮೀಥೇನ್ −162, ಈಥೇನ್ −89, ಪ್ರೋಪೇನ್ −42, ಬ್ಯೂಟೇನ್ ಸುಮಾರು 0, ಪೆಂಟೇನ್ 36, ಹೆಕ್ಸೇನ್ 69, ಹೆಪ್ಟೇನ್ 98, ಆಕ್ಟೇನ್ 126 ಡಿಗ್ರಿ. ಮೊದಲ ಜಿಗಿತ 73 ಡಿಗ್ರಿ, ಕೊನೆಯದು 28. ಒಂದು ಕಾರ್ಬನ್ ಸೇರಿದ್ದು ಚಿಕ್ಕ ಅಣುವಿಗೆ ದೊಡ್ಡ ಬದಲಾವಣೆ, ದೊಡ್ಡ ಅಣುವಿಗೆ ಚಿಕ್ಕದು. ಕವಲಿಲ್ಲದ ಆಲ್ಕೇನ್‌ಗಳಲ್ಲಿ ನಾಲ್ಕು ಕಾರ್ಬನ್‌ವರೆಗೆ ಅನಿಲ, ಐದರಿಂದ ಸುಮಾರು ಹದಿನೇಳರವರೆಗೆ ದ್ರವ, ಅದರಾಚೆ ಮೇಣ. ಟೈಟನ್‌ನ ನೆಲದ ಮೇಲೆ ಸುಮಾರು −179 ಡಿಗ್ರಿ ಚಳಿ ಇರುವುದರಿಂದ ಇಲ್ಲಿ ಅನಿಲವಾಗಿರುವ ಮೀಥೇನ್, ಈಥೇನ್‌ಗಳು ಅಲ್ಲಿ ದ್ರವವಾಗಿ ಸರೋವರ ತುಂಬುತ್ತವೆ.

ಕವಲು ಹೆಚ್ಚಾದರೆ ಕುದಿಬಿಂದು ಇಳಿಯುತ್ತದೆ. ಉದ್ದನೆಯ ಅಣುಗಳು ಕಂತೆ ಕಟ್ಟಿದ ಕಡ್ಡಿಗಳ ಹಾಗೆ ಉದ್ದಕ್ಕೂ ಒತ್ತಿಕೊಳ್ಳುತ್ತವೆ. ಕವಲೊಡೆದು ಗುಂಡಗಾದವು ಒಂದೆರಡು ಕಡೆ ಮಾತ್ರ ತಾಗುತ್ತವೆ. ನಾಲ್ಕನೇ ಹೆಜ್ಜೆಯಲ್ಲಿ ಬರೆದ ಐದು ಸಮಾಂಗಿಗಳನ್ನೇ ನೋಡಿ. ಹೆಕ್ಸೇನ್ 69, 3-ಮೀಥೈಲ್‌ಪೆಂಟೇನ್ 63, 2-ಮೀಥೈಲ್‌ಪೆಂಟೇನ್ 60, 2,3-ಡೈಮೀಥೈಲ್‌ಬ್ಯೂಟೇನ್ 58, 2,2-ಡೈಮೀಥೈಲ್‌ಬ್ಯೂಟೇನ್ 50. ಪೆಂಟೇನ್‌ಗಳಲ್ಲಿ ಸರಳ ಸಾಲಿನದು 36, ಒಂದು ಕವಲಿನ 2-ಮೀಥೈಲ್‌ಬ್ಯೂಟೇನ್ 28, ಎರಡು ಕವಲಿನ 2,2-ಡೈಮೀಥೈಲ್‌ಪ್ರೋಪೇನ್ ಸುಮಾರು 10 ಡಿಗ್ರಿ. ಈ 36 ಮತ್ತು 28 ಕೊನೆಯಲ್ಲಿ ಬೇಕಾಗುತ್ತವೆ, ಗುರುತು ಹಾಕಿಕೊಳ್ಳಿ.

ಕಚ್ಚಾ ತೈಲದ ಶುದ್ಧೀಕರಣ ನಿಂತಿರುವುದು ಈ ವ್ಯತ್ಯಾಸದ ಮೇಲೆ. ತೈಲವನ್ನು ಕಾಯಿಸಿ ಎತ್ತರದ ಗೋಪುರಕ್ಕೆ ಬಿಟ್ಟರೆ ಹಗುರ ಅಣುಗಳು ಮೇಲೆಯೂ ಭಾರದವು ಕೆಳಗೂ ದ್ರವವಾಗಿ ಬೇರ್ಪಡುತ್ತವೆ. ಭಾರದವು ಹೆಚ್ಚಾಗಿ ಸಿಕ್ಕರೆ ಅವನ್ನು ಕ್ರ್ಯಾಕಿಂಗ್‌ನಿಂದ ತುಂಡರಿಸುತ್ತಾರೆ. ಇಲ್ಲೂ ಎಣಿಕೆ ಮಾತಾಡುತ್ತದೆ: ಸಿ₁₀ಎಚ್₂₂ ಒಡೆದು ಆಕ್ಟೇನ್ ಸಿ₈ಎಚ್₁₈ ಆದರೆ ಉಳಿಯುವುದು ಸಿ₂ಎಚ್₄, ಅಂದರೆ ಈಥೀನ್. ಎರಡು ತುಂಡುಗಳಿಗೂ ಗರಿಷ್ಠ ಹೈಡ್ರೋಜನ್ ಕೊಡಲು ಎರಡು ಹೈಡ್ರೋಜನ್ ಪರಮಾಣು ಕಡಿಮೆ ಬೀಳುತ್ತವೆ, ಆದ್ದರಿಂದ ಒಂದು ತುಂಡಿನಲ್ಲಿ ದ್ವಿಬಂಧ ಬರಲೇಬೇಕು. ಪಾಲಿಥೀನ್ ತಯಾರಾಗುವುದು ಈ ಈಥೀನ್‌ನಿಂದ. ಗಿಡಗಳು ಕಾಯಿ ಹಣ್ಣಾಗಿಸಲು ತಾವೇ ತಯಾರಿಸುವ ಹಾರ್ಮೋನ್ ಕೂಡ ಇದೇ ಅಣು.

ಹೆಜ್ಜೆ 8: ಹೇಗೆ ವರ್ತಿಸುತ್ತದೆ ಎಂದು ಹೇಳುವುದು

ದಹನ ಎಲ್ಲಕ್ಕೂ ಸಾಮಾನ್ಯ. ಸಮೀಕರಣ ಸರಿದೂಗಿಸಲು ಕಷ್ಟಪಡಬೇಕಿಲ್ಲ: ಕಾರ್ಬನ್ ಎಷ್ಟೋ ಅಷ್ಟು ಕಾರ್ಬನ್ ಡೈಆಕ್ಸೈಡ್, ಹೈಡ್ರೋಜನ್‌ನ ಅರ್ಧದಷ್ಟು ನೀರು, ಆಕ್ಸಿಜನ್ ಅಣುಗಳು ಕಾರ್ಬನ್ ಸಂಖ್ಯೆಗೆ ಹೈಡ್ರೋಜನ್‌ನ ಕಾಲುಭಾಗ ಸೇರಿಸಿದಷ್ಟು. ಆಕ್ಟೇನ್‌ಗೆ 8 + 4.5 = 12.5, ದಶಮಾಂಶ ಬೇಡವಾದರೆ ಎಲ್ಲವನ್ನೂ 2ರಿಂದ ಗುಣಿಸಿ.

16 ಗ್ರಾಂ ಮೀಥೇನ್ ಪೂರ್ತಿ ಉರಿದರೆ ಸುಮಾರು 890 ಕಿಲೋಜೌಲ್ ಶಾಖ, 44 ಗ್ರಾಂ ಕಾರ್ಬನ್ ಡೈಆಕ್ಸೈಡ್. 114 ಗ್ರಾಂ ಆಕ್ಟೇನ್ ಉರಿದರೆ ಸುಮಾರು 5,470 ಕಿಲೋಜೌಲ್, 352 ಗ್ರಾಂ ಕಾರ್ಬನ್ ಡೈಆಕ್ಸೈಡ್. ಭಾಗಿಸಿ ನೋಡಿ: ಸಾವಿರ ಕಿಲೋಜೌಲ್ ಶಾಖಕ್ಕೆ ಮೀಥೇನ್ ಸುಮಾರು 49 ಗ್ರಾಂ, ಆಕ್ಟೇನ್ ಸುಮಾರು 64 ಗ್ರಾಂ ಹೊರಬಿಡುತ್ತದೆ. ಕಾರ್ಬನ್‌ಗೆ ಹೋಲಿಸಿದರೆ ಹೈಡ್ರೋಜನ್ ಹೆಚ್ಚಿದ್ದಷ್ಟೂ ಇಂಧನ ಹಸನು. ಆದರೆ ಮೀಥೇನ್ ಉರಿಯದೆ ಹಾಗೆಯೇ ಸೋರಿಹೋದರೆ ಈ ಲಾಭ ಕರಗುತ್ತದೆ, ಏಕೆಂದರೆ ನೂರು ವರ್ಷಗಳ ಅವಧಿಯಲ್ಲಿ ನೋಡಿದರೆ ಅದು ತೂಕಕ್ಕೆ ತೂಕ ಕಾರ್ಬನ್ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಹೆಚ್ಚು ಭೂಮಿಯನ್ನು ಬಿಸಿಯಾಗಿಸುತ್ತದೆ. ಗಾಳಿ ಸಾಲದೆ ಉರಿದರೆ ವಿಷಕಾರಿ ಕಾರ್ಬನ್ ಮೊನಾಕ್ಸೈಡ್ ಮತ್ತು ಮಸಿ. ಬೆಂಜೀನ್, ಈಥೈನ್‌ಗಳು ಮಸಿ ಕಾರುತ್ತ ಉರಿಯುತ್ತವೆ. ತೂಕದಲ್ಲಿ ಶೇ 92.3ರಷ್ಟು ಕಾರ್ಬನ್ನೇ ಇರುವ ಅಣುಗಳಿಂದ ಬೇರೆ ನಿರೀಕ್ಷೆ ಸಲ್ಲದು. ಮೀಥೇನ್‌ನಲ್ಲಿ ಅದು ಶೇ 75.

ಕೊರತೆ ಸೊನ್ನೆಯಾದರೆ ಅಣು ಹೊಸದನ್ನು ಸೇರಿಸಿಕೊಳ್ಳಲಾರದು, ಒಂದನ್ನು ಬಿಟ್ಟು ಇನ್ನೊಂದನ್ನು ಪಡೆಯಬೇಕು. ಇದು ಆದೇಶನ ಕ್ರಿಯೆ. ಮೀಥೇನ್, ಕ್ಲೋರಿನ್ ಮಿಶ್ರಣದ ಮೇಲೆ ಬೆಳಕು ಬಿದ್ದರೆ ಹೈಡ್ರೋಜನ್‌ಗಳ ಜಾಗಕ್ಕೆ ಒಂದೊಂದಾಗಿ ಕ್ಲೋರಿನ್ ಬರುತ್ತದೆ. ದ್ವಿಬಂಧ, ತ್ರಿಬಂಧಗಳಿದ್ದರೆ ಎರಡನೇ ಹೆಜ್ಜೆಯಲ್ಲಿ ಕಂಡ ಆ ಸಡಿಲ ಬಂಧ ತೆರೆದುಕೊಂಡು ಹೊಸ ಪರಮಾಣುಗಳು ಸೇರುತ್ತವೆ. ಇದು ಸಂಕಲನ ಕ್ರಿಯೆ. ಬ್ರೋಮೀನ್‌ನ ಕೆಂಗಂದು ಬಣ್ಣ ಮಾಯವಾಗುವುದು ಇದರ ಗುರುತು. ಈ ಪರೀಕ್ಷೆಯನ್ನು ಮಂದ ಬೆಳಕಿನಲ್ಲಿ ಮಾಡಬೇಕು, ಪ್ರಖರ ಬೆಳಕಿನಲ್ಲಿ ಆಲ್ಕೇನ್‌ಗಳೂ ಆದೇಶನದಿಂದ ಬಣ್ಣ ಕಳೆಯಬಲ್ಲವು. ತಣ್ಣನೆಯ, ದುರ್ಬಲ ಪೊಟ್ಯಾಸಿಯಂ ಪರ್ಮಾಂಗನೇಟ್ ದ್ರಾವಣ ಇನ್ನೊಂದು ಪರೀಕ್ಷೆ: ನೇರಳೆ ಹೋಗಿ ಕಂದು ಗಸಿ ಕೂರುತ್ತದೆ.

ಹೈಡ್ರೋಜನ್ ಬ್ರೋಮೈಡ್‌ನಂಥ ಅಣು ಸೇರುವಾಗ ಹೈಡ್ರೋಜನ್ ಯಾವ ಕಾರ್ಬನ್‌ಗೆ? ದ್ವಿಬಂಧದ ಎರಡು ಕಾರ್ಬನ್‌ಗಳಲ್ಲಿ ಈಗಾಗಲೇ ಹೆಚ್ಚು ಹೈಡ್ರೋಜನ್ ಇರುವುದಕ್ಕೆ. ರಷ್ಯದ ವ್ಲಾದಿಮಿರ್ ಮಾರ್ಕೋವ್ನಿಕೋವ್ ಕಂಡುಕೊಂಡ ನಿಯಮವಿದು.

ಹೆಜ್ಜೆ 9: ಎಲ್ಲ ಹೆಜ್ಜೆಗಳನ್ನೂ ಒಂದು ಅಣುವಿನ ಮೇಲೆ ಪ್ರಯೋಗಿಸೋಣ

ಕೈಯಲ್ಲಿರುವ ಸೂತ್ರ ಸಿ₅ಎಚ್₁₀. ಕೊರತೆ (12 − 10) ÷ 2 = 1. ಅಂದರೆ ಒಂದು ದ್ವಿಬಂಧ ಅಥವಾ ಒಂದು ಉಂಗುರ. ಸಿಸ್, ಟ್ರಾನ್ಸ್ ಎಂದು ಬೇರೆ ಬೇರೆ ಎಣಿಸದೆ ಕ್ರಮವಾಗಿ ಬರೆದರೆ ಉಂಗುರದವು ಐದು: ಸೈಕ್ಲೋಪೆಂಟೇನ್, ಮೀಥೈಲ್‌ಸೈಕ್ಲೋಬ್ಯೂಟೇನ್, ಈಥೈಲ್‌ಸೈಕ್ಲೋಪ್ರೋಪೇನ್, ಎರಡು ಬಗೆಯ ಡೈಮೀಥೈಲ್‌ಸೈಕ್ಲೋಪ್ರೋಪೇನ್. ದ್ವಿಬಂಧದವೂ ಐದು: ಪೆಂಟ್-1-ಈನ್, ಪೆಂಟ್-2-ಈನ್, 2-ಮೀಥೈಲ್‌ಬ್ಯೂಟ್-1-ಈನ್, 3-ಮೀಥೈಲ್‌ಬ್ಯೂಟ್-1-ಈನ್, 2-ಮೀಥೈಲ್‌ಬ್ಯೂಟ್-2-ಈನ್.

ಮೊದಲ ಪರೀಕ್ಷೆ ಪರ್ಮಾಂಗನೇಟ್. ಬ್ರೋಮೀನ್ ಬದಲು ಇದನ್ನೇ ಆರಿಸಲು ಕಾರಣವಿದೆ: ಮೂರು ಕಾರ್ಬನ್‌ಗಳ ಉಂಗುರದಲ್ಲಿ ಕೋನ 109.5ರಿಂದ 60 ಡಿಗ್ರಿಗೆ ಹಿಂಡಿಹೋಗಿರುವುದರಿಂದ ಅದು ಬಿಗುವಿನಲ್ಲಿರುತ್ತದೆ, ಬ್ರೋಮೀನ್ ಸಿಕ್ಕರೆ ಬಿಚ್ಚಿಕೊಳ್ಳಬಹುದು. ಪರ್ಮಾಂಗನೇಟ್‌ಗೆ ಅದು ಜಗ್ಗುವುದಿಲ್ಲ. ನೇರಳೆ ಬಣ್ಣ ಹೋಯಿತು ಎಂದುಕೊಳ್ಳಿ. ಐದು ಉಂಗುರಗಳೂ ಹೊರಗೆ.

ಎರಡನೆಯದು ನಿಕ್ಕಲ್ ವೇಗವರ್ಧಕದ ನೆರವಿನಿಂದ ಹೈಡ್ರೋಜನ್ ಸೇರಿಸುವುದು. ಕೊರತೆ ತುಂಬಿ ಸಿ₅ಎಚ್₁₂ ಆಗುತ್ತದೆ. ಅದರ ಕುದಿಬಿಂದು ಅಳೆಯಿರಿ. 36 ಡಿಗ್ರಿ ಬಂದರೆ ಸರಪಳಿಗೆ ಕವಲಿಲ್ಲ, ಪೆಂಟ್-1-ಈನ್ ಅಥವಾ ಪೆಂಟ್-2-ಈನ್. ನಮಗೆ 28 ಬಂತು ಎಂದಿಟ್ಟುಕೊಳ್ಳೋಣ. ಅದು 2-ಮೀಥೈಲ್‌ಬ್ಯೂಟೇನ್, ಕವಲಿರುವ ಮೂರು ಆಲ್ಕೀನ್‌ಗಳು ಉಳಿದವು.

ಮೂರನೆಯದು ಓಜೋನ್. ಮೂಲ ಅಣುವನ್ನು ಓಜೋನ್‌ನೊಂದಿಗೆ ವರ್ತಿಸಲು ಬಿಟ್ಟು, ಬಳಿಕ ಸತುವಿನ ಪುಡಿ ಮತ್ತು ನೀರಿನಿಂದ ಸಂಸ್ಕರಿಸಿದರೆ ಅಣು ಸರಿಯಾಗಿ ದ್ವಿಬಂಧದ ಜಾಗದಲ್ಲೇ ಎರಡು ತುಂಡಾಗುತ್ತದೆ, ತುಂಡಾದ ಎರಡೂ ಕಾರ್ಬನ್‌ಗಳಿಗೆ ಒಂದೊಂದು ಆಕ್ಸಿಜನ್ ಅಂಟಿಕೊಳ್ಳುತ್ತದೆ. ದ್ವಿಬಂಧ ಸರಪಳಿಯ ತುದಿಯಲ್ಲಿದ್ದರೆ ಒಂದು ತುಂಡು ಒಂಟಿ ಕಾರ್ಬನ್‌ನ ಫಾರ್ಮಾಲ್ಡಿಹೈಡ್ ಆಗಲೇಬೇಕು. 2-ಮೀಥೈಲ್‌ಬ್ಯೂಟ್-1-ಈನ್ ಫಾರ್ಮಾಲ್ಡಿಹೈಡ್ ಜೊತೆ ಬ್ಯೂಟನೋನ್ ಕೊಡುತ್ತದೆ, 3-ಮೀಥೈಲ್‌ಬ್ಯೂಟ್-1-ಈನ್ ಫಾರ್ಮಾಲ್ಡಿಹೈಡ್ ಜೊತೆ 2-ಮೀಥೈಲ್‌ಪ್ರೋಪನಾಲ್ ಎಂಬ ಆಲ್ಡಿಹೈಡ್ ಕೊಡುತ್ತದೆ. ನಮಗೆ ಸಿಕ್ಕಿದ್ದು ಫಾರ್ಮಾಲ್ಡಿಹೈಡ್ ಅಲ್ಲ, ಮೂರು ಕಾರ್ಬನ್‌ಗಳ ಅಸಿಟೋನ್ ಮತ್ತು ಎರಡು ಕಾರ್ಬನ್‌ಗಳ ಅಸಿಟಾಲ್ಡಿಹೈಡ್ ಆಗಿದ್ದರೆ, ಎರಡರಿಂದಲೂ ಆಕ್ಸಿಜನ್ ತೆಗೆದುಹಾಕಿ ಆ ಕಾರ್ಬನ್‌ಗಳನ್ನು ದ್ವಿಬಂಧದಿಂದ ಮತ್ತೆ ಬೆಸೆಯಿರಿ. ಹಾಳೆಯ ಮೇಲೆ ಮೂಡುವ ಅಣು 2-ಮೀಥೈಲ್‌ಬ್ಯೂಟ್-2-ಈನ್.